ಅಪ್ಪನ ಜೊತೆ ಲಾಸ್ ವೇಗಸ್‌ಗೆ: ಒಂದು ಕನ್ಸರ್ಟ್, ಎರಡು ರಾತ್ರಿ, ನೂರು ಡಾಲರ್

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಮೈಸೂರಿನಿಂದ ಅಪ್ಪ ಬಂದಿದ್ದಾರೆ. ವಯಸ್ಸು 67. ಕಾಲೇಜಿನ ದಿನಗಳಿಂದಲೂ ಅವರಿಗೆ ಈಗಲ್ಸ್ ಬ್ಯಾಂಡ್ ಅಂದರೆ ಪ್ರಾಣ. ಲಾಸ್ ವೇಗಸ್‌ನ ಸ್ಫಿಯರ್ ಅನ್ನುವ ಗುಂಡಗಿನ ಸಭಾಂಗಣದಲ್ಲಿ ಆ ಬ್ಯಾಂಡಿನ ಶುಕ್ರವಾರದ ಶೋಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಎಂಥ ಸೀಟು ತಗೊಳ್ಳಬೇಕು, ಎಲ್ಲಿ ಉಳಿದುಕೊಳ್ಳಬೇಕು? ಕಾರಾ, ವಿಮಾನವಾ? ಅಪ್ಪನಿಗೆ ಮಂಡಿನೋವು ಇದೆ. ಇನ್ನೊಂದು ವಿಷಯ. ಅಪ್ಪ 'ಒಂದು ಸಲ ಜೂಜಿನ ಮೆಷಿನ್ ಆಡಲೇಬೇಕು' ಅಂತಾರೆ. ಊರಿಂದ ಅಮ್ಮ ಫೋನ್‌ನಲ್ಲಿ 'ಆ ಜೂಜಿನ ಊರಿಗೆ ಯಾಕೆ ಕರ್ಕೊಂಡು ಹೋಗ್ತೀಯಾ' ಅಂತ ಬೈತಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು, ಮಿಕ್ಕಿದ್ದೆಲ್ಲ ಆಮೇಲೆ. ತಡವಾಗಿ ಹೋಗಬೇಡಿ. ಸ್ಫಿಯರ್‌ನಲ್ಲಿ ಈಗಲ್ಸ್ ತಮ್ಮ ಶೋ ಶುರು ಮಾಡಿದ್ದೇ 'ಹೋಟೆಲ್ ಕ್ಯಾಲಿಫೋರ್ನಿಯಾ' ಹಾಡಿನಿಂದ. ಸಾಮಾನ್ಯವಾಗಿ ಇಂಥ ಹಾಡನ್ನು ಬ್ಯಾಂಡಿನವರು ಕೊನೆಗೆ ಇಟ್ಟುಕೊಂಡು ನಮ್ಮನ್ನು ಕಾಯಿಸುತ್ತಾರೆ. ಇಲ್ಲಿ ಉಲ್ಟಾ. ಮುಂಚೆ ಹಾಡುವ ಬೇರೆ ಬ್ಯಾಂಡೂ ಇಲ್ಲ. 'ಎಂಟೂವರೆ ಅಂದ್ರೆ ಒಂಬತ್ತಕ್ಕೆ ಶುರುವಾಗುತ್ತೆ ಬಿಡು' ಅಂತ ನಮ್ಮೂರಿನ ಲೆಕ್ಕ ಹಾಕಿದಿರೋ, ನಿಮ್ಮ ತಂದೆ ಐವತ್ತು ವರ್ಷ ಕಾದ ಹಾಡು ನೀವು ಸೆಕ್ಯುರಿಟಿ ಸಾಲಿನಲ್ಲಿ ನಿಂತಿರುವಾಗಲೇ ಮುಗಿದಿರುತ್ತದೆ. ನೀವು ಹೋಗುವ ಹೊತ್ತಿಗೆ ಹಾಡುಗಳ ಕ್ರಮ ಬದಲಾಗಿದ್ದರೂ ಪರವಾಗಿಲ್ಲ, ಬೇಗ ಹೋದವರಿಗೆ ನಷ್ಟವೇನೂ ಇಲ್ಲ. ಒಂದು ಗಂಟೆ ಮುಂಚೆ ಒಳಗಿರಿ.

ಎರಡನೆಯದು, ವೇದಿಕೆಯ ಮೇಲೆ ಯಾರಿರುತ್ತಾರೆ ಅಂತ ಅಪ್ಪನಿಗೆ ಮೊದಲೇ ಹೇಳಿಬಿಡಿ. ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬರಾದ ಗ್ಲೆನ್ ಫ್ರೇ 2016ರ ಜನವರಿಯಲ್ಲಿ ತೀರಿಕೊಂಡರು. ಅವರ ಜಾಗದಲ್ಲಿ ಮಗ ಡೀಕನ್ ಫ್ರೇ ಮತ್ತು ಕಂಟ್ರಿ ಹಾಡುಗಾರ ವಿನ್ಸ್ ಗಿಲ್ 2017ರಲ್ಲಿ ಸೇರಿಕೊಂಡರು. ರ‍್ಯಾಂಡಿ ಮೈಸ್ನರ್ ಅನ್ನುವ ಹಳೇ ಸದಸ್ಯರೂ 2023ರಲ್ಲಿ ತೀರಿಕೊಂಡರು. 'ಹೋಟೆಲ್ ಕ್ಯಾಲಿಫೋರ್ನಿಯಾ' ಹಾಡಿನ ಕೊನೆಗೆ ಎರಡು ಗಿಟಾರ್ ಒಂದರ ಹಿಂದೆ ಒಂದು ಓಡುತ್ತವಲ್ಲ, ಅದರಲ್ಲಿ ಒಬ್ಬರಾದ ಡಾನ್ ಫೆಲ್ಡರ್ 2001ರಿಂದಲೇ ಬ್ಯಾಂಡಿನಲ್ಲಿಲ್ಲ. ಇನ್ನೊಬ್ಬರು, ಜೋ ವಾಲ್ಶ್, ಈಗಲೂ ಇದ್ದಾರೆ. ಡಾನ್ ಹೆನ್ಲಿ ಇದ್ದಾರೆ, ಟಿಮತಿ ಶ್ಮಿಟ್ ಇದ್ದಾರೆ. ಈ ಮೂವರೂ ಹುಟ್ಟಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಅಪ್ಪನಿಗೆ ಅಷ್ಟು ಹೇಳಿ. 'ನನಗಿಂತ ಹತ್ತು ವರ್ಷ ದೊಡ್ಡವರು ಇನ್ನೂ ನಿಂತು ಹಾಡ್ತಾರಲ್ಲ' ಅಂತ ಮಂಡಿನೋವು ಸ್ವಲ್ಪ ಮರೆತಾರು.

ಈಗ ಸೀಟಿನ ವಿಷಯ. ಜನ ಜಾಸ್ತಿ ತಪ್ಪು ಮಾಡುವುದು ಇಲ್ಲೇ.

ಬೇರೆ ಎಲ್ಲ ಕನ್ಸರ್ಟ್‌ಗಳಲ್ಲಿ ಹತ್ತಿರ ಇದ್ದಷ್ಟೂ ಒಳ್ಳೆಯದು. ನಾನು 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ನೋಡಿದ್ದು ಎಷ್ಟು ಹಿಂದೆ ನಿಂತು ಅಂದರೆ, ಮಿಕ್ ಜಾಗರ್ ನನ್ನ ಕಿರುಬೆರಳಿನಷ್ಟೇ ಕಾಣುತ್ತಿದ್ದರು. ಆವತ್ತೇ ಶಪಥ ಮಾಡಿದ್ದೆ, ಇನ್ನು ಮುಂದೆ ಏನೇ ಆದರೂ ಮುಂದಿನ ಸಾಲು ಅಂತ. ಸ್ಫಿಯರ್‌ನಲ್ಲಿ ಆ ಶಪಥ ಮುರಿದೆ.

ಯಾಕೆ ಅಂದರೆ, ಅದು ಒಂದು ದೊಡ್ಡ ಗುಂಡು. ಎತ್ತರ 366 ಅಡಿ, ಅಗಲ 516 ಅಡಿ. ಒಳಗೆ ಗೋಡೆಯೇ ಪರದೆ. ವೇದಿಕೆಯ ಹಿಂದಿನಿಂದ ಎದ್ದು, ನಿಮ್ಮ ತಲೆಯ ಮೇಲೆ ಹಾದು, ಎರಡೂ ಪಕ್ಕಕ್ಕೆ ಇಳಿಯುತ್ತದೆ. ವಿಸ್ತೀರ್ಣ ಸುಮಾರು 1,60,000 ಚದರ ಅಡಿ. ವೇದಿಕೆಯ ಮೇಲಿನ ಮನುಷ್ಯರು ಆ ಪರದೆಯ ಬುಡದಲ್ಲಿ ಗೊಂಬೆಗಳ ಥರ ಕಾಣುತ್ತಾರೆ. ದುಡ್ಡು ಕೊಡುತ್ತಿರುವುದು ಆ ಪರದೆಗೂ ಹೌದು. ಹಾಗಾಗಿ ಪೂರ್ತಿ ಪರದೆ ಕಾಣುವ ಜಾಗದಲ್ಲಿ ಕೂರಬೇಕು.

ಕೆಳಗಿನ 100ರ ವಿಭಾಗಗಳಲ್ಲಿ ಹಿಂದಿನ ಸಾಲುಗಳ ಮೇಲೆ, ಮಹಡಿಯ ಸಜ್ಜೆ ಚಾಚಿಕೊಂಡಿರುವ ಹಾಗೆ, 200ರ ವಿಭಾಗದ ಅಡಿಭಾಗ ಬರುತ್ತದೆ. ಅಲ್ಲಿ ಕೂತರೆ ಪರದೆಯ ಮೇಲ್ಭಾಗ ಕಾಣುವುದೇ ಇಲ್ಲ. ಪಕ್ಕದವರು 'ಅಬ್ಬಾ' ಅಂತ ಮೇಲೆ ನೋಡುತ್ತಿದ್ದರೆ ನೀವು ಕಾಂಕ್ರೀಟ್ ನೋಡುತ್ತಿರುತ್ತೀರಿ. ಆ ಸೀಟುಗಳು ಅಗ್ಗವೂ ಅಲ್ಲ. ವೇದಿಕೆಯ ಮುಂದಿನ ನೆಲದ ಜಾಗ ಬ್ಯಾಂಡಿಗೆ ಹತ್ತಿರ, ನಿಜ. ಆದರೆ ಎರಡು ಗಂಟೆ ಕತ್ತು ಎತ್ತಿಕೊಂಡೇ ಇರಬೇಕು. 400ರ ವಿಭಾಗ ಎಲ್ಲಕ್ಕಿಂತ ಮೇಲೆ, ಸಿಕ್ಕಾಪಟ್ಟೆ ಕಡಿದು. ಮೆಟ್ಟಿಲು ಇಳಿಯುವಾಗ ನನಗೇ ಕಾಲು ನಡುಗಿತ್ತು. ಮಂಡಿನೋವಿನವರಿಗೆ ಬೇಡವೇ ಬೇಡ.

ನಿಮಗೆ ನನ್ನ ಸಲಹೆ 200 ಅಥವಾ 300ರ ಸಾಲಿನ ನಡುಭಾಗ. 206, 306 ಮತ್ತು ಅವುಗಳ ಅಕ್ಕಪಕ್ಕ. ಪರದೆಯ ಚಿತ್ರ ನೇರವಾಗಿ ಕಾಣುವುದು ಅಲ್ಲಿಂದಲೇ. ತೀರಾ ಎಡಕ್ಕೋ ಬಲಕ್ಕೋ ಹೋದರೆ ಚಿತ್ರ ಸೊಟ್ಟಗಾಗುತ್ತದೆ. ವಿಭಾಗ ಆರಿಸಿದ ಮೇಲೆ ಸಾಲಿನ ತುದಿಯ ಎರಡು ಸೀಟು ಹುಡುಕಿ, ಅಪ್ಪ ಕಾಲು ಚಾಚಬಹುದು. ಲಿಫ್ಟ್ ಇದೆ. ಬಾಗಿಲಲ್ಲಿರುವ ಸಿಬ್ಬಂದಿಗೆ ಮಂಡಿನೋವು ಅಂತ ಹೇಳಿದರೆ ದಾರಿ ತೋರಿಸುತ್ತಾರೆ. ಕೇಳೋಕೆ ನಾಚಿಕೆ ಪಡಬೇಡಿ. ಗಾಲಿಕುರ್ಚಿಯವರಿಗೆ, ಮೆಟ್ಟಿಲು ಹತ್ತಲಾಗದವರಿಗೆ ಅಂತಲೇ ಬೇರೆ ಸೀಟುಗಳೂ ಇವೆ. ಅದು ಬೇಕಾದರೆ ಟಿಕೆಟ್ ಕೊಳ್ಳುವಾಗಲೇ ಆರಿಸಿಕೊಳ್ಳಬೇಕು.

ಪರದೆಯಲ್ಲಿ ಇಡೀ ಕಟ್ಟಡವೇ ತೇಲಿದಂತೆ, ತಿರುಗಿದಂತೆ ಕಾಣುವ ಕ್ಷಣಗಳಿವೆ. ಘಾಟಿ ರಸ್ತೆಯಲ್ಲಿ ವಾಂತಿ ಬರುವಂಥವರಾದರೆ ಅಪ್ಪನಿಗೆ ಒಂದು ಉಪಾಯ ಹೇಳಿಕೊಡಿ: ತಲೆ ಸುತ್ತಿದಾಗ ಪರದೆ ಬಿಟ್ಟು ಡ್ರಮ್ಸ್ ಕಡೆ ನೋಡುವುದು. ವೇದಿಕೆ ಅಲ್ಲಾಡುವುದಿಲ್ಲ. ನನ್ನ ಹೆಂಡತಿ ಅರ್ಧ ಶೋ ಹಾಗೇ ನೋಡಿದಳು.

ಶಬ್ದದ ಭಯ ಬೇಡ. ಒಳಗೆ ಸುಮಾರು 1,67,000 ಸ್ಪೀಕರ್ ಡ್ರೈವರ್‌ಗಳಿವೆ ಅಂದರೆ ಕಿವಿ ಹೋಯ್ತು ಅಂದುಕೊಳ್ಳುತ್ತೀರಿ, ಅಲ್ವಾ? ಅವೆಲ್ಲ ಪರದೆಯ ಹಿಂದೆ ಅಡಗಿರುವ ಪುಟ್ಟಪುಟ್ಟ ಸ್ಪೀಕರ್‌ಗಳು. ಸದ್ದನ್ನು ಟಾರ್ಚ್ ಬೆಳಕಿನ ಹಾಗೆ ಸೀಟುಗಳ ಕಡೆ ತಿರುಗಿಸಿ ಬಿಡುತ್ತವೆ. ಹಾಗಾಗಿ ಮುಂದೆ ಕೂತವರಿಗೆ ಜಾಸ್ತಿ, ಹಿಂದೆ ಕೂತವರಿಗೆ ಕಮ್ಮಿ ಅನ್ನುವುದು ಬಹಳ ಇಲ್ಲ. ಮಾತು ಸ್ಪಷ್ಟವಾಗಿ ಕೇಳುತ್ತದೆ. ಈಗಲ್ಸ್‌ನಂಥ, ನಾಲ್ಕೈದು ಗಂಟಲು ಸೇರಿ ಹಾಡುವ ಬ್ಯಾಂಡಿಗೆ ಇದು ಹೇಳಿ ಮಾಡಿಸಿದ ಜಾಗ. ಆದರೂ ಅಪ್ಪನಿಗೆ ಕಿವಿಯ ಯಂತ್ರ ಏನಾದರೂ ಇದ್ದರೆ ಅದರ ವಾಲ್ಯೂಮ್ ತಗ್ಗಿಸಿಡಿ.

ಅಮ್ಮನ ಬೈಗುಳಕ್ಕೆ ಬರುತ್ತೇನೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ನೆವಾಡ ರಾಜ್ಯ 1931ರಲ್ಲೇ ಜೂಜನ್ನು ಕಾನೂನುಬದ್ಧ ಮಾಡಿತು. ಆಮೇಲೆ ಹೋಟೆಲಿನವರು ಹಾಡುಗಾರರನ್ನು ಕರೆಸಿದ್ದೇ ಜನರನ್ನು ಜೂಜಿನ ಮೇಜಿಗೆ ಎಳೆಯಲು. ಫ್ರಾಂಕ್ ಸಿನಾತ್ರಾ ಹಾಡುತ್ತಿದ್ದ ಸ್ಯಾಂಡ್ಸ್ ಹೋಟೆಲ್ ಇತ್ತಲ್ಲ, ಆಗಿನ ಕಾಲದಲ್ಲಿ ಅಂಥ ಕಡೆ ಶೋಗಳನ್ನು ಉದ್ದ ಎಳೆಯಲು ಬಿಡುತ್ತಿರಲಿಲ್ಲ. ಒಂದು, ಒಂದೂಕಾಲು ಗಂಟೆಗೆ ಮುಗಿಸಬೇಕು. ಹಾಡು ಕೇಳುತ್ತಾ ಕೂತವನು ಜೂಜಾಡುವುದಿಲ್ಲ ತಾನೆ? ಎಲ್ವಿಸ್ ಪ್ರೆಸ್ಲಿ 1956ರಲ್ಲಿ ಮೊದಲ ಸಲ ಬಂದಾಗ ಈ ಊರಿನ ನಡುವಯಸ್ಸಿನ ಜೂಜುಗಾರರಿಗೆ ಅವರು ಹಿಡಿಸಲೇ ಇಲ್ಲ. 1969ರ ಜುಲೈ 31ಕ್ಕೆ ಇಂಟರ್‌ನ್ಯಾಷನಲ್ ಹೋಟೆಲಿನಲ್ಲಿ ಮತ್ತೆ ಶುರು ಮಾಡಿದರು ನೋಡಿ, ಆಮೇಲೆ 636 ಶೋ, ಎಲ್ಲವೂ ಹೌಸ್‌ಫುಲ್. ಹಾಡುಗಾರ ಊರೂರು ಸುತ್ತುವ ಬದಲು ಊರೇ ಹಾಡುಗಾರನ ಹತ್ತಿರ ಬರುವ ಪದ್ಧತಿ ಗಟ್ಟಿಯಾಗಿದ್ದು ಹಾಗೆ. 2003ರಲ್ಲಿ ಸೆಲೀನ್ ಡಿಯಾನ್‌ಗಾಗಿ ಸೀಸರ್ಸ್ ಪ್ಯಾಲೇಸ್ ಒಂದು ಥಿಯೇಟರನ್ನೇ ಕಟ್ಟಿತು. 2023ರ ಸೆಪ್ಟೆಂಬರ್ 29ಕ್ಕೆ ಯೂ2 ಬ್ಯಾಂಡ್ ಸ್ಫಿಯರನ್ನು ಶುರು ಮಾಡಿ 40 ಶೋ ಕೊಟ್ಟಿತು. ಸ್ಫಿಯರ್ ಕಟ್ಟಲು ಆದ ಖರ್ಚು ಸುಮಾರು 230 ಕೋಟಿ ಡಾಲರ್. ಈಗಲ್ಸ್ 2024ರ ಸೆಪ್ಟೆಂಬರ್ 20ಕ್ಕೆ ಶುರು ಮಾಡಿ, ದಿನಾಂಕಗಳನ್ನು ಸೇರಿಸುತ್ತಲೇ ಹೋದರು.

ಈಗ ಲೆಕ್ಕ ತಿರುಗಿದೆ. ಸ್ಟ್ರಿಪ್ ಅನ್ನುವ ಇಲ್ಲಿನ ಮುಖ್ಯ ರಸ್ತೆಯ ದೊಡ್ಡ ಹೋಟೆಲುಗಳು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಜೂಜಿಗಿಂತ ಜಾಸ್ತಿ ದುಡಿಯುತ್ತಿರುವುದು ರೂಮು, ಊಟ, ಕುಡಿತ, ಶೋಗಳಲ್ಲಿ. ಅಂದರೆ ನೀವು ಒಂದು ಪೈಸೆ ಆಡದಿದ್ದರೂ ಅವರಿಗೆ ಬೇಸರವಿಲ್ಲ. ನಿಮ್ಮ ಜೇಬಿಗೆ ಕೈಹಾಕಲು ಬೇರೆ ದಾರಿಗಳಿವೆ.

ಮೊದಲ ದಾರಿ ರೂಮಿನ ಬಾಡಿಗೆ. ರೂಮು 90 ಡಾಲರ್ ಅಂತ ತೋರಿಸಿ, ಆಮೇಲೆ 'ರೆಸಾರ್ಟ್ ಫೀ' ಅಂತ ರಾತ್ರಿಗೆ 40–50 ಡಾಲರ್ ಸೇರಿಸುವುದು ಇಲ್ಲಿನ ಹಳೇ ಚಾಳಿ. ಈಜುಕೊಳ, ವೈಫೈ, ಜಿಮ್ಮಿಗಂತೆ. ಬಳಸಿದರೂ ಬಿಟ್ಟರೂ ಕೊಡಬೇಕು. 2025ರ ಮೇ 12ರಿಂದ ಅಮೆರಿಕದಲ್ಲಿ ಹೊಸ ನಿಯಮ ಬಂದಿದೆ. ಹೋಟೆಲಿನವರೂ ಶೋ ಟಿಕೆಟ್ ಮಾರುವವರೂ ಇಂಥ ಫೀಗಳನ್ನೆಲ್ಲ ಸೇರಿಸಿಯೇ ಮೊದಲ ಬೆಲೆ ತೋರಿಸಬೇಕು. ಫೀ ಹೋಗಿಲ್ಲ, ಕಣ್ಣಿಗೆ ಕಾಣುತ್ತದೆ ಅಷ್ಟೇ. ಸರ್ಕಾರದ ತೆರಿಗೆಯನ್ನು ಆಮೇಲೆ ಸೇರಿಸಬಹುದು, ರೂಮಿಗೆ ಅದು ಸುಮಾರು 13 ಪರ್ಸೆಂಟ್. ಪಾರ್ಕಿಂಗ್ ಹಲವು ಕಡೆ ಬೇರೆ.

ನಿಮ್ಮ ಶೋ ಶುಕ್ರವಾರ. ಗುರುವಾರ ಹೋಗಿ ಶನಿವಾರ ಬೆಳಿಗ್ಗೆ ಹೊರಡಿ. ಶನಿವಾರ ರಾತ್ರಿ ಎಲ್ಲಕ್ಕಿಂತ ದುಬಾರಿ, ಗುರುವಾರ ಅದರ ಅರ್ಧಕ್ಕೂ ಸಿಗುವುದುಂಟು. ಇನ್ನೊಂದು ಲಾಭ ಅಂದರೆ, ಶುಕ್ರವಾರ ವಿಮಾನ ತಡವಾದರೆ ಹಾಡು ತಪ್ಪುತ್ತದೆ ಅನ್ನುವ ಚಿಂತೆಯೇ ಇರುವುದಿಲ್ಲ.

ಉಳಿಯಲು ವೆನೀಷಿಯನ್ ಅನುಕೂಲ. ಸಿನಾತ್ರಾ ಹಾಡಿದ ಆ ಸ್ಯಾಂಡ್ಸ್ ಹೋಟೆಲನ್ನು ಕೆಡವಿದ ಜಾಗದಲ್ಲೇ 1999ರಲ್ಲಿ ಇದು ಎದ್ದಿದ್ದು. ಅಲ್ಲಿಂದ ಸ್ಫಿಯರ್‌ಗೆ ಕಾಲ್ಸೇತುವೆ ಇದೆ, ರಸ್ತೆಗೆ ಇಳಿಯಬೇಕಾಗಿಲ್ಲ. ಆದರೆ ಬೆಲೆ ಜಾಸ್ತಿ. ಕಮ್ಮಿಗೆ ಬೇಕಾದರೆ ಮೊನೊರೈಲ್ ಹಾದು ಹೋಗುವ ಹೋಟೆಲುಗಳನ್ನು ನೋಡಿ. ಅದು ಎಂಜಿಎಂ ಗ್ರ್ಯಾಂಡ್‌ನಿಂದ ಸಹಾರಾವರೆಗೆ ಓಡುತ್ತದೆ. ಹ್ಯಾರಾಸ್–ಲಿಂಕ್ ನಿಲ್ದಾಣದಲ್ಲಿ ಇಳಿದರೆ ಸ್ಫಿಯರ್‌ಗೆ ಸ್ವಲ್ಪ ದೂರ ನಡಿಗೆ. ವಿಮಾನ ನಿಲ್ದಾಣಕ್ಕೆ ಮಾತ್ರ ಹೋಗುವುದಿಲ್ಲ. ನಡಿಗೆ ಅಂದೆ, ಅದರಲ್ಲಿ ಹುಷಾರು. ಈ ಊರಲ್ಲಿ ಎಲ್ಲ ಕಟ್ಟಡವೂ ಭಾರಿ ದೊಡ್ಡದು, ಹಾಗಾಗಿ ಎಲ್ಲವೂ ಹತ್ತಿರ ಕಾಣುತ್ತದೆ. 'ಅಗೋ ಅಲ್ಲೇ ಇದೆಯಲ್ಲ' ಅಂದುಕೊಂಡು ಹೊರಟರೆ ಅರ್ಧ ಗಂಟೆ. ಹೋಟೆಲಿನ ರೂಮಿನಿಂದ ರಸ್ತೆಗೆ ಬರಲು ಹತ್ತು ನಿಮಿಷ, ಅದೂ ಕ್ಯಾಸಿನೊ ಮಧ್ಯದಿಂದಲೇ. ದಾರಿಯನ್ನು ಹಾಗೆ ಬೇಕಂತಲೇ ಹಾಕಿರುತ್ತಾರೆ. ಬೂಟು ಹೊಸದು ಬೇಡ.

ಕ್ಯಾಸಿನೊ ಒಳಗೆ ಸಿಗರೇಟು ಸೇದಬಹುದು. ಅಪ್ಪನಿಗೆ ಉಬ್ಬಸ ಇದ್ದರೆ ಪಾರ್ಕ್ ಎಂಜಿಎಂ ನೋಡಿ. ಸ್ಟ್ರಿಪ್‌ನಲ್ಲಿ 2020ರಿಂದ ಪೂರ್ತಿ ಹೊಗೆಯಿಲ್ಲದ ಹೋಟೆಲ್ ಅದು.

ರೂಮಿನ ಪುಟ್ಟ ಫ್ರಿಜ್ ಮುಟ್ಟಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಸಲ ನಮ್ಮಮ್ಮ ಬಂದಾಗ ಮೊಸರಿನ ಡಬ್ಬಿ ಇಡೋಣ ಅಂತ ಬಾಗಿಲು ತೆಗೆದು, ಎರಡು ಬಾಟಲಿ, ಒಂದು ಚಾಕೊಲೇಟ್ ಪಕ್ಕಕ್ಕೆ ಸರಿಸಿದೆ. ಸರಿಸಿದ್ದು, ಅಷ್ಟೇ. ಚೆಕ್‌ಔಟ್ ದಿನ ಬಿಲ್ಲಿನಲ್ಲಿ ಮೂರೂ ಇದ್ದವು. ಕೆಳಗೆ ತೂಕ ಗುರುತಿಸುವ ಸೆನ್ಸರ್ ಇತ್ತಂತೆ, ಎತ್ತಿದರೆ ಕೊಂಡ ಹಾಗೆ. ಕೌಂಟರಿನಲ್ಲಿ ಇಪ್ಪತ್ತು ನಿಮಿಷ ವಾದ ಮಾಡಿ ತೆಗೆಸಿದೆ. ಅಮ್ಮ ಆ ಮೊಸರನ್ನು ಕೊನೆಗೆ ಐಸ್ ಬಕೆಟ್ಟಿನಲ್ಲಿಟ್ಟು ತಿಂದರು. ರೂಮಿನಲ್ಲಿ ಕೆಟಲ್ ಕೂಡ ಬಹಳ ಹೋಟೆಲುಗಳಲ್ಲಿ ಇರುವುದಿಲ್ಲ. ಕೆಳಗೆ ಬಂದು ಕಾಫಿ ಕೊಳ್ಳಲಿ, ಬರುವಾಗ ಮೆಷಿನ್ ಮುಂದೆ ಹಾದು ಬರಲಿ ಅಂತ. ಬೆಳಿಗ್ಗೆ ಐದಕ್ಕೆ ಕಾಫಿ ಕೇಳುವ ತಂದೆಯಾದರೆ ಪುಟ್ಟ ಕೆಟಲ್ ಮನೆಯಿಂದಲೇ ಒಯ್ಯಿರಿ.

ಇನ್ನು ಮೆಷಿನ್. ಆಡಲಿ ಬಿಡಿ, ಆದರೆ ಲೆಕ್ಕ ಗೊತ್ತಿರಲಿ.

ನಿಮ್ಮ ಕಡೆಯವರು ಯಾರಾದರೂ ಗೋವಾಕ್ಕೆ ಹೋಗಿ ಮಾಂಡೋವಿಯ ಕ್ಯಾಸಿನೊ ಹಡಗು ನೋಡಿದ್ದರೆ, ಅಲ್ಲಿ ಒಳಗೆ ಹೋಗಲಿಕ್ಕೇ ದುಡ್ಡು. ಇಲ್ಲಿ ಪ್ರವೇಶ ಬಿಟ್ಟಿ, 21 ತುಂಬಿರಬೇಕು ಅಷ್ಟೇ. ಬಿಟ್ಟಿ ಅಂದಮೇಲೆ ಎಲ್ಲಾದರೂ ವಸೂಲಿ ಆಗಲೇಬೇಕಲ್ಲ. 'ಪೆನ್ನಿ ಸ್ಲಾಟ್' ಅಂತ ಮೆಷಿನ್ ಇರುತ್ತದೆ. ಪೆನ್ನಿ ಅಂದರೆ ಒಂದು ಸೆಂಟ್, ಏನು ಮಹಾ ಅನ್ನಿಸುತ್ತದೆ. ಆದರೆ ಒಂದು ಸಲ ಗುಂಡಿ ಒತ್ತಿದರೆ ಕಮ್ಮಿ ಅಂದರೂ 50, 75, 88 ಸೆಂಟ್ ಹೋಗುತ್ತದೆ. 88 ಅಂತಲೇ ಇಟ್ಟುಕೊಳ್ಳಿ. ಆರು ಸೆಕೆಂಡಿಗೊಮ್ಮೆ ಒತ್ತಿದರೆ ಗಂಟೆಗೆ 600 ಸಲ. ಅಂದರೆ ಗಂಟೆಗೆ 528 ಡಾಲರ್ ಪಂಥ. ಮೆಷಿನ್ ನೂರಕ್ಕೆ ಹತ್ತು ಉಳಿಸಿಕೊಳ್ಳುತ್ತದೆ ಅಂದರೆ ಗಂಟೆಗೆ ಸುಮಾರು 53 ಡಾಲರ್ ನಷ್ಟ. ಇದು ಸರಾಸರಿ. ಇಪ್ಪತ್ತೇ ನಿಮಿಷದಲ್ಲಿ ನೂರು ಡಾಲರ್ ನುಂಗಿದ್ದನ್ನೂ ನೋಡಿದ್ದೇನೆ.

ಹಾಗಾಗಿ ಹೀಗೆ ಮಾಡಿ. ಒಂದು ಕವರಿನಲ್ಲಿ ನೂರು ಡಾಲರ್, ಇಪ್ಪತ್ತರ ಐದು ನೋಟು ಹಾಕಿ ಅಪ್ಪನ ಕೈಗೆ ಕೊಡಿ. ಕಾರ್ಡು ನಿಮ್ಮ ಹತ್ತಿರವೇ ಇರಲಿ. ಒಂದು ಸಲಕ್ಕೆ ಒಂದೇ ನೋಟು ಮೆಷಿನ್‌ಗೆ ಹಾಕಲಿ. ಎಳೆಯುವ ಹಿಡಿ ಈಗ ಬಹಳ ಕಮ್ಮಿ, ಎಲ್ಲ ಗುಂಡಿಯೇ. ಸಾಕು ಅನ್ನಿಸಿದಾಗ ಕ್ಯಾಶ್‌ಔಟ್ ಒತ್ತಿದರೆ ಚೀಟಿ ಬರುತ್ತದೆ. ಆ ಚೀಟಿಯೇ ದುಡ್ಡು, ಟಿಶ್ಯೂ ಪೇಪರ್ ಜೊತೆ ಎಸೆಯಬೇಡಿ. ಆಡುತ್ತಾ ಕೂತರೆ ಕುಡಿಯಲು ಬಿಟ್ಟಿ ತಂದುಕೊಡುತ್ತಾರೆ. ಮದ್ಯವೇ ಆಗಬೇಕಿಲ್ಲ, ಕಿತ್ತಳೆ ರಸವೂ ಸಿಗುತ್ತದೆ. ತಂದವರಿಗೆ ಒಂದೆರಡು ಡಾಲರ್ ಟಿಪ್ಸ್ ಕೊಡುವುದು ಮರ್ಯಾದೆ. ನಿಮ್ಮ ತಂದೆ ವಿಸಿಟರ್ ಆದ್ದರಿಂದ, ಅಪ್ಪಿತಪ್ಪಿ ದೊಡ್ಡ ಜಾಕ್‌ಪಾಟ್ ಹೊಡೆದರೆ ಮೆಷಿನ್ ನಿಂತುಬಿಡುತ್ತದೆ, ಮನುಷ್ಯರೇ ಬಂದು ಪಾಸ್‌ಪೋರ್ಟ್ ಕೇಳಿ, 30 ಪರ್ಸೆಂಟ್ ತೆರಿಗೆ ಹಿಡಿದುಕೊಂಡು ಕೊಡುತ್ತಾರೆ. ಆಗ ಅಮ್ಮನಿಗೆ ಹೇಗೆ ಹೇಳಬೇಕು ಅನ್ನುವುದು ನಿಮ್ಮ ತಲೆನೋವು.

ಊರಲ್ಲಿ ಇಸ್ಪೀಟ್ ಆಡಿ ರೂಢಿ ಇರುವವರು ಬ್ಲ್ಯಾಕ್‌ಜ್ಯಾಕ್ ಮೇಜಿನ ಕಡೆ ಹೋಗುತ್ತಾರೆ. ಮೇಜಿನ ಬಟ್ಟೆಯ ಮೇಲೆ '3ಕ್ಕೆ 2' ಅಂತ ಬರೆದಿದೆಯೋ '6ಕ್ಕೆ 5' ಅಂತಲೋ ನೋಡಿ. ಹತ್ತು ಡಾಲರ್ ಕಟ್ಟಿ ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಯಲ್ಲಿ 21) ಬಂದರೆ ಮೊದಲನೆಯದರಲ್ಲಿ 15 ಡಾಲರ್, ಎರಡನೆಯದರಲ್ಲಿ 12. ಆಟ ಅದೇ, ಎಲೆ ಅದೇ, ಕೊಡುವುದು ಮಾತ್ರ ಕಮ್ಮಿ. ಕಮ್ಮಿ ಬೆಟ್ಟಿಂಗಿನ ಮೇಜುಗಳೆಲ್ಲ ಸಾಮಾನ್ಯವಾಗಿ ಎರಡನೇ ಜಾತಿಯವು. ಅಂಕಿಯ ಚಕ್ರ ತಿರುಗಿಸುವ ರೂಲೆಟ್‌ನಲ್ಲಿ ಮೂರು ಸೊನ್ನೆಯ ಚಕ್ರ ಕಂಡರೆ ಕೂರಲೇಬೇಡಿ, ಸೊನ್ನೆ ಜಾಸ್ತಿಯಾದಷ್ಟೂ ಲಾಭ ಕ್ಯಾಸಿನೊಗೇ.

ಪ್ರಯಾಣಕ್ಕೆ ವಿಮಾನವೇ. ಸ್ಯಾನ್ ಹೋಸೆ ಅಥವಾ ಓಕ್ಲೆಂಡ್‌ನಿಂದ ಒಂದೂವರೆ ಗಂಟೆ. ಕಾರಿನಲ್ಲಿ ಒಂಬತ್ತು ಗಂಟೆ, ಮಂಡಿನೋವಿನ ಜೊತೆ ಅದು ಶಿಕ್ಷೆ. ಬೇಸಿಗೆಯಾದರೆ ಹಗಲು ಹೊರಗೆ ಸುತ್ತುವುದು ಬೇಡ. 2024ರ ಜುಲೈ 7ರಂದು ಇಲ್ಲಿ 48.9 ಡಿಗ್ರಿ ಆಗಿತ್ತು. ಹೊರಗೆ ಕಾವಲಿ, ಒಳಗೆ ಫ್ರಿಜ್, ಆದ್ದರಿಂದ ಸ್ವೆಟರ್ ಕೈಯಲ್ಲಿರಲಿ. ಊಟಕ್ಕೆ ಚಿಂತೆ ಇಲ್ಲ, ಇಂಡಿಯನ್ ಹೋಟೆಲುಗಳು ಬೇಕಾದಷ್ಟಿವೆ. ಶೋ ದಿನ ಆರು ಗಂಟೆಗೇ ಊಟ ಮುಗಿಸಿ. ಟಿಕೆಟ್ ಫೋನಿನಲ್ಲಿರುತ್ತದೆ, ಚಾರ್ಜ್ ನೋಡಿಕೊಳ್ಳಿ. ದೊಡ್ಡ ಬ್ಯಾಗ್ ರೂಮಿನಲ್ಲೇ ಬಿಡಿ.

ಶೋ ಮುಗಿದ ತಕ್ಷಣ ಎದ್ದು ಓಡಬೇಡಿ. ಹದಿನೇಳು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಹೊರಗೆ ಬರುತ್ತಾರೆ, ಟ್ಯಾಕ್ಸಿ ಆ್ಯಪಿನಲ್ಲಿ ದರ ಗಗನಕ್ಕೆ ಏರುತ್ತದೆ. ಸೀಟಿನಲ್ಲೇ ಹತ್ತು ನಿಮಿಷ ಕೂತು, ಜನ ಕರಗಿದ ಮೇಲೆ ನಿಧಾನಕ್ಕೆ ಸೇತುವೆ ದಾಟಿ ವೆನೀಷಿಯನ್ ಕಡೆ ಬನ್ನಿ. ಸೇತುವೆಗೆ ಹೋಗುವ ಮುಂಚೆ ಹಿಂದೆ ತಿರುಗಿ ನೋಡಲು ಅಪ್ಪನಿಗೆ ಹೇಳಿ. ಗುಂಡಿನ ಹೊರಮೈ ಪೂರ್ತಿ ದೀಪ. ಒಮ್ಮೆ ಚಂದ್ರ, ಒಮ್ಮೆ ಕಣ್ಣುಗುಡ್ಡೆ, ಒಮ್ಮೆ ಬರೀ ಜಾಹೀರಾತು. ಫೋಟೊ ಅಲ್ಲೇ ತೆಗೆಯಿರಿ, ಒಳಗೆ ತೆಗೆದಿದ್ದು ಮನೆಗೆ ಬಂದು ನೋಡಿದರೆ ಏನೂ ಅನ್ನಿಸುವುದಿಲ್ಲ.

ಶನಿವಾರ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿ ದಾಟಿದಿರಿ, ಊರು ಮುಗೀತು ಅಂದುಕೊಳ್ಳಬೇಡಿ. ಗೇಟಿನ ಪಕ್ಕದಲ್ಲೂ ಮೆಷಿನ್‌ಗಳಿವೆ. ಕವರಿನಲ್ಲಿ ಒಂದು ಇಪ್ಪತ್ತರ ನೋಟು ಉಳಿದಿದ್ದರೆ ಅಪ್ಪ ಆ ಕಡೆ ನೋಡೇ ನೋಡುತ್ತಾರೆ. ಮೈಸೂರಿನಲ್ಲಿ ಆಗ ರಾತ್ರಿ, ಅಮ್ಮ ಎದ್ದಿರುತ್ತಾರೆ. ಫೋನ್ ಮಾಡಿ ಕೊಟ್ಟುಬಿಡಿ. ಮೆಷಿನ್ ಸದ್ದು ಅತ್ತ ಕಡೆ ಕೇಳದ ಜಾಗ ನೋಡಿಕೊಳ್ಳಿ.